ಎದೆಮಟ್ಟಕ್ಕೆ ಬಾರದ ಫರ್

ನಾನು ಒಂದು ಫರ್ ಮರ. ಹುಟ್ಟಿದ್ದು ಹಿಮಾಚಲದ ಒಂದು ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ. ತೊಟ್ಟಿಲೂ ಅದೇ, ಅಂಗಿಯೂ ಅದೇ. ಕಣ್ಣು ಬಿಟ್ಟು ನೋಡಿದರೆ, ಪಕ್ಕದ ಚೀಲದ ಪೈನ್ ಸಸಿ ಆಗಲೇ ನನ್ನ ತಲೆಯ ಮೇಲಿಂದ ಊರು ನೋಡುತ್ತಿತ್ತು. ನನ್ನ ಗೋಳು ಅಲ್ಲಿಂದಲೇ ಶುರು.

ನಮ್ಮನ್ನು ಒಯ್ದವರು ಹಾವೇರಿ ಕಡೆಯ ಹಾವನೂರ ಸಾಹೇಬರು. ಉತ್ತರದ ಕಾಡಿನಲ್ಲಿ ಯಾವ ಸೂಜಿಯೆಲೆ ಮರ ಬೇಗ ಬೆಳೆಯುತ್ತದೆಂದು ಹೋಲಿಸಲು ಬಂದ ವಿಜ್ಞಾನಿ. ಒಂದು ಇಳಿಜಾರಿನಲ್ಲಿ ಪೈನ್‌ಗೊಂದು ಸಾಲು, ದೇವದಾರುವಿಗೊಂದು, ನಮಗೊಂದು ಎಂದು ನೆಡಿಸಿದರು.

ಪೈನ್‌ಗೆ ಬಾಯಿ ಜಾಸ್ತಿ. "ನೋಡ್ರೋ, ಈ ವರ್ಷ ಇನ್ನೊಂದು ಸುತ್ತು ಕೊಂಬೆ!" ಎಂದು ಡಂಗುರ. ದೇವದಾರು ಮಠದ ಸ್ವಾಮಿಗಳ ಗತ್ತಿನಲ್ಲಿ "ಎಲ್ಲಾ ಅವನಿಚ್ಛೆ" ಎನ್ನುತ್ತಲೇ ಮೇಲೇರುತ್ತಿತ್ತು. ನಮ್ಮ ಕುಲದ ಪದ್ಧತಿ ಬೇರೆ: ಮೊದಲು ಬೇರು, ಆಮೇಲೆ ಊರು. ಅದೂ ಹಿರಿಯರ ನೆರಳಿನಲ್ಲಿ. ಆದರೆ ಪರೀಕ್ಷೆ ಎಲ್ಲರಿಗೂ ಸಮನಾಗಿರಬೇಕೆಂದು ಸಾಹೇಬರು ನೆರಳು ಕೊಡುವ ಪೊದೆಗಳನ್ನೆಲ್ಲ ಸವರಿಸಿಬಿಟ್ಟರು. ಮೀನಿಗೂ ಮೊಲಕ್ಕೂ ಒಂದೇ ಬಯಲಿನಲ್ಲಿ ಓಟದ ಪಂದ್ಯ!

ಪ್ರತಿ ವರ್ಷ ಅಳತೆ. ಮರದ ದಪ್ಪವನ್ನು ಮನುಷ್ಯರ ಎದೆಮಟ್ಟದಲ್ಲಿ ಅಳೆಯುವುದು ಅವರ ವೃತ್ತಿಯ ರೂಢಿ. ಆ ಮಟ್ಟಕ್ಕೆ ಬಾರದವರಿಗೆ ಸೊನ್ನೆ. ಅಳತೆಪಟ್ಟಿ ಪೈನ್‌ಗಳನ್ನು ಒಂದೊಂದಾಗಿ ತಬ್ಬಿಕೊಂಡು ಬಂದು, ನನ್ನ ತಲೆಯ ಮೇಲೆ ಗಾಳಿಯಲ್ಲಿ ತೂಗಾಡಿ ಹೋಗುತ್ತಿತ್ತು. ಬಗ್ಗಿ ನೋಡುತ್ತಿದ್ದವಳು ಒಬ್ಬಳೇ, ಗದಗಿನಿಂದ ಬಂದಿದ್ದ ಸಹಾಯಕಿ ನೀಲಾಂಬಿಕೆ.

"ಸರ, ಸೊನ್ನಿ ಬರದ್ರ ಇದು ಇಲ್ಲಂತ ಅರ್ಥ ಆಕ್ಕೈತ್ರಿ. ಇಲ್ಲೇ ಐತಲ್ರಿ, ನನ್ನ ಕೈಯಾಗ!"

"ನಿನ್ನ ಮಣಕಾಲಿಗೂ ಬಂದಿಲ್ಲಲ್ಲವಾ. ಹೆಸರಾಗಷ್ಟ ಫರ್, ಹ್ವಾದ ವರ್ಷಕ್ಕೂ ಈ ವರ್ಷಕ್ಕೂ ಏನ್ ಫರಕ್ ಇಲ್ಲ."

"ನೆರಳರ ಕೊಟ್ಟು ನೋಡೂಣ್ರಿ."

"ಒಂದಕ್ಕ ಕೊಟ್ರ ಎಲ್ಲಾದಕ್ಕೂ ಕೊಡಬೇಕಾಕ್ಕೈತಿ. ಬರಿ, ಸೊನ್ನಿ."

ಎದೆಮಟ್ಟ ಮುಟ್ಟದವರಿಗೆ ಎದೆಯೇ ಇಲ್ಲವೆಂದುಕೊಂಡರೋ ಏನೋ! ಸೊನ್ನೆಯ ಪಕ್ಕ ಸೊನ್ನೆ ಸೇರಿ, ಕೊನೆಗೆ ತೀರ್ಪು ಬಂತು: ಈ ಇಳಿಜಾರಿಗೆ ಫರ್ ಆಗಿಬರುವುದಿಲ್ಲ. ಕಿತ್ತು ಅಲ್ಲಿಯೂ ಪೈನ್ ನೆಡಿ.

ಕೂಲಿಯವರು ನನ್ನ ಒಡಹುಟ್ಟಿದವರನ್ನು ಕಿತ್ತು ರಾಶಿ ಹಾಕಿದರು. ಮೇಲೆ ಗೇಣುದ್ದ, ಕೆಳಗೆ ಮೊಳದುದ್ದ! ಆದರೆ ಬೇರು ಅಳೆಯುವ ರೂಢಿ ಯಾರಿಗೂ ಇರಲಿಲ್ಲ. ಸಾಲಿನ ತುದಿಯಲ್ಲಿದ್ದ ನನ್ನ ಮುಂದೆ ನೀಲಾಂಬಿಕೆ ಅಡ್ಡ ನಿಂತಳು.

"ಇದರ ಚಿಗುರು ನೋಡ್ರಿ ಸರ! ಪೈನ್ ಟೊಂಗಿ ನೆರಳು ಬಿದ್ದ ಮ್ಯಾಲೆ ಜೀವಾ ಹಿಡದೈತಿ. ಇದೊಂದರ ಬಿಡ್ರಿ."

ಸಾಹೇಬರು ಕೈ ಬೀಸಿದರು. "ಇರಲಿ ಬಿಡು. ಹೆಂಗೂ ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಹೀಗೆ ಲೆಕ್ಕಕ್ಕಿಲ್ಲದ್ದರಿಂದಲೇ ಬದುಕಿದೆ. ಮರುವರ್ಷ ನೀಲಾಂಬಿಕೆ ಬೇರೆ ಕೆಲಸ ಹಿಡಿದು ಹೋದಳು, ಅಳತೆಯೂ ನಿಂತಿತು. ಆಗ ಬೆಳೆದೆ ನೋಡಿ! ಮೊಣಕಾಲು, ಸೊಂಟ, ಎದೆ ಎಲ್ಲ ದಾಟಿದೆ. ಎದೆ ದಾಟಿದ ದಿನ ಸುತ್ತ ನೋಡಿದರೆ, ಪಟ್ಟಿ ಹಿಡಿದ ಒಂದು ನರಪಿಳ್ಳೆಯೂ ಇಲ್ಲ. ಎಂಥ ಸಂಕಟ! ಹಿಮದ ಭಾರಕ್ಕೆ ಬಾಯಿಬಡುಕ ಪೈನ್‌ಗಳು ಟೊಂಗೆ ಮುರಿದುಕೊಂಡವು. ನಾನು ಹಿಮವನ್ನು ಜಾರಿಸಿ, ಅವುಗಳ ತಲೆಯ ಮೇಲಿಂದ ಊರು ನೋಡಿದೆ.

ಮೊನ್ನೆ ಹಾವನೂರ ಸಾಹೇಬರು ಬಂದಿದ್ದರು. ತಲೆಯೆಲ್ಲ ಬಿಳಿ. ಊರ ಕಡೆಯ ಕಾಲೇಜು ಮಕ್ಕಳಿಗೆ ಕಾಡು ತೋರಿಸಲು ಏರು ಹತ್ತಿ ಬಂದು, ಏದುಸಿರು ಬಿಡುತ್ತ ನನ್ನ ಕಾಂಡಕ್ಕೇ ಬೆನ್ನು ಕೊಟ್ಟು ನಿಂತರು.

"ಇಲ್ಲೆ ಫರ್ ಬೆಳಿಯಂಗಿಲ್ಲೇನ್ರಿ ಸರ?" ಒಬ್ಬ ಹುಡುಗಿ ಕೇಳಿದಳು.

"ಸಾಧ್ಯನ ಇಲ್ಲವಾ. ನಾನ ಖುದ್ದ ಅಳದು ನೋಡೇನಿ."

ನಾನು ಒಂದೇ ಒಂದು ಹೆಜ್ಜೆ ಹಿಂದೆ ಸರಿದಿದ್ದರೆ, ಅಂಗಾತ ಬಿದ್ದಾಗ ಅವರಿಗೆ ತಿಳಿಯುತ್ತಿತ್ತು, ಇಲ್ಲಿ ಫರ್ ಇದೆಯೋ ಇಲ್ಲವೋ ಎಂದು. ಆದರೆ ಬೇರು ಬಿಟ್ಟವರು ಸರಿಯುವುದು ಹೇಗೆ? ಅವರ ಉಸಿರು ತಹಬಂದಿಗೆ ಬರುವವರೆಗೂ ಹಾಗೇ ನಿಂತಿದ್ದೆ.