ಶನಿವಾರದ ಡಬ್ಬಿ

ಸಲೈನ್ ಹನಿ ಬೀಳುತ್ತಿದೆ, ಒಂದು, ಇನ್ನೊಂದು, ಅದರ ಕೆಳಗೆ ಮುಸರತಳ ಸಣ್ಣ ಕೈ, ಮೊಣಕೈ ತನಕ ಕೆಂಪು ಚುಕ್ಕೆ, ಎಂಟು ವರ್ಷದ ಹುಡುಗಿಗೆ ಡೆಂಗಿ, ಪ್ಲೇಟ್‌ಲೆಟ್ ಮೂವತ್ತು ಸಾವಿರಕ್ಕೆ ಇಳಿದಿದೆ — ಮತ್ತು ನಾನು, ನಾಲ್ಕು ವರ್ಷದಿಂದ ಸೊಳ್ಳೆಯ ಮೇಲೆ ಸಂಶೋಧನೆ ಮಾಡುವ ಶೈನಿ, ಎರಡು ಸೇಬು ಹಿಡಿದು ನೋಡಲು ಬಂದಿದ್ದೇನೆ, ಭಾರಿ ಜಾಣೆ. ಅಜ್ಜಿ ಇಮಾಮಬಿ ಸ್ಟೂಲು ಸರಿಸುತ್ತಾರೆ, ಕುಂದರ್ರಿ ಅಕ್ಕಾರ, ಧಾರವಾಡದಿಂದ ಬಂದೀರಿ, ದಣಿದಿರಬೇಕು — ಅವರ ಮುಂದೆ ಕೂರುವ ಮುಖವಿಲ್ಲ ನನಗೆ. ಹಳೇ ಹುಬ್ಬಳ್ಳಿಯ ಅವರ ಓಣಿಯಲ್ಲಿ ಒಂಬತ್ತು ಮನೆಗೆ ಕರಿ ಡಬ್ಬಿ ಇಟ್ಟವಳು ನಾನೇ, ಒಳಗೆ ಹುಲ್ಲು ನೆನೆಸಿದ ನೀರು, ಆ ವಾಸನೆಗೆ ಹೆಣ್ಣು ಸೊಳ್ಳೆ ಬಂದು ಅಂಚಿಗೆ ಮೊಟ್ಟೆ ಇಡುತ್ತದೆ, ಮರಿಗೆ ರೆಕ್ಕೆ ಮೂಡುವ ಮೊದಲೇ, ಪ್ರತಿ ಶನಿವಾರ, ನಾನು ಹೋಗಿ ಮೊಟ್ಟೆ ಎಣಿಸಿ ನೀರು ಚೆಲ್ಲಬೇಕು, ತಪ್ಪಿದರೆ ನನ್ನ ಡಬ್ಬಿಯೇ ಸೊಳ್ಳೆ ಸಾಕುತ್ತದೆ. ಐದು ಶನಿವಾರ ತಪ್ಪಿಸಿದೆ. ಮೊದಲನೆಯದು ಚರ್ಚಿನ ಸುಗ್ಗಿ ಹಬ್ಬದ ತಯಾರಿ, ಎಡ್ವಿನ್ ಕಾಕಾ ಬಂದು, ಹರಾಜಿನ ಸವಾಲು ನೀನ ಕೂಗಬೇಕವಾ, ನಿನ್ನ ಗಂಟಲ ಗಟ್ಟಿ ಐತಿ ಅಂದರು, ನಾನು ಉಬ್ಬಿಹೋಗಿ ಕುಂಬಳಕಾಯಿಗಳಿಗೆ ಚೀಟಿ ಅಂಟಿಸುತ್ತ ಕೂತೆ — ಉಳಿದ ನಾಲ್ಕು ನುಂಗಿದ್ದು ಲಕ್ಕಿ ಗಿಡ, ನೀರು ಕಡಿಮೆ ಮಾಡಿದರೆ ಎಲೆಯಲ್ಲಿ ಎಣ್ಣೆ ಹೆಚ್ಚುತ್ತದೆಯೇ, ಆ ಎಣ್ಣೆಗೆ ಸೊಳ್ಳೆ ದೂರ ಸರಿಯುತ್ತದೆಯೇ, ಕುಂಡಗಳನ್ನು ಒಣಗಿಸಿ ದಿನಾ ತೂಗಿದೆ, ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಬಾಯಿ ಮುಚ್ಚಿಸಬೇಕಿತ್ತು ನನಗೆ. ಉಳಿದ ಎಂಟು ಮನೆಯವರು ವಾಸನೆ ತಾಳದೆ ಎಂದೋ ಡಬ್ಬಿ ಬಿಸಾಕಿದ್ದಾರೆ, ಪುಣ್ಯವಂತರು. ಇವರದ್ದೂ ಒಣಗಿರುತ್ತದೆ, ಒಣಗಿದ್ದರೆ ಮರಿ ಸತ್ತಿರುತ್ತವೆ, ಮುಸರತಳನ್ನು ಕಚ್ಚಿದ್ದು ಬೇರೆ ಯಾವುದೋ ಸೊಳ್ಳೆ, ಶಾಲೆಯದು, ಪಕ್ಕದ ಮನೆಯದು, ದೇವರೇ, ಯಾರದ್ದಾದರೂ ಆಗಲಿ.

ಡಬ್ಬಿ ಒಣಗಿತ್ತೇನ್ರಿ ಇಮಾಮಬಿ, ಕೇಳಿಯೇಬಿಟ್ಟೆ. ಅವರ ಮುಖ ಅರಳುತ್ತದೆ, ಅದೇ ಸಂಕಟ, ಒಣಗಗೊಡ್ತೇನೇನ್ರಿ, ನಳ ಎಂಟು ದಿನಕ್ಕೊಮ್ಮೆ ಬಂದ್ರೂ ಕುಡಿಯೋ ನೀರಾಗಿಂದ ತಗದು ಹಾಕೇನಿ, ನೀವು ಬರಲಿಲ್ಲ, ನಿಮ್ಮ ಓದು ಕೆಡಬಾರದಲ್ರಿ. ನನ್ನ ಓದು. ಅಯ್ಯೋ ತಾಯಿ, ನನ್ನ ಓದು. ಹೇಳಬೇಕು, ತಪ್ಪು ನನ್ನದು, ನೀವು ಬರೀ ಒಳ್ಳೆಯವರಾದಿರಿ ಅಂತ ಹೇಳಬೇಕು, ಓಣಿಯೆಲ್ಲ ತಿರುಗಿಬೀಳಲಿ, ಪಿಎಚ್‌ಡಿ ಹಾಳಾಗಿ ಹೋಗಲಿ, ಬಾಯಿ ತೆರೆಯುತ್ತೇನೆ, ಅಷ್ಟರಲ್ಲಿ ಅವರೇ, ಇವತ್ತು ಮುಂಜಾನೆನೂ ಹಾಕಿ ಬಂದೇನ್ರಿ, ಚಿಂತಿ ಮಾಡಬ್ಯಾಡ್ರಿ, ಬಾಜೂಕ ಕೂಸು ಮಲಗಿತ್ತು, ಏಳಬಾರದಂತ ತಂಬಿಗಿ ಬಗ್ಗಿಸಿ ಮೆಲ್ಲಕ ಬಿಟ್ಟೆ — ಕೂಸು, ಮುಸರತಳ ತಮ್ಮ, ಆರು ತಿಂಗಳು, ಈಗಲೂ ಅಲ್ಲೇ ಮಲಗಿದೆ, ಫೋನು ಹಚ್ಚಿ ಚೆಲ್ಲಿಸಬೇಕು, ಹೇಳು ಶೈನಿ, ಈಗಲೇ ಹೇಳು, ಕೂಸಿನ ಪಕ್ಕದಲ್ಲಿ ಬಾಗಿದ ತಂಬಿಗೆ, ಸದ್ದಾಗದಂತೆ ಇಳಿಯುವ ನೀರು, ಹೇಳು, ಬಾಗಿದ ತಂಬಿಗೆ, ಸದ್ದಾಗದಂತೆ, ಬಾಗಿದ ತಂಬಿಗೆ