ಎಡಗೈ ಕೋವಿಯ ಪಟ್ಟಿ

"ಅಜೀಜಾಕ, ಇದು ಮದುವೆಗೆ ಬಾಡಿಗೆ ತರುವ ಕೋಟಲ್ಲ, ಯಾರ ಮೈಗಾದ್ರೂ ಆಗ್ತದೆ ಅಂತ ಕೊಡ್ಲಿಕ್ಕೆ. ಬಲಗೈಯವನಿಗೆ ಹೊಲಿದ ಪಟ್ಟಿಯನ್ನು ನಾನು ಎಡಚನಿಗೆ ಕೊಡುವುದಿಲ್ಲ."

"ಕೊಡುವುದು ನೀನಲ್ಲ, ನಾನು. ಅಂಗಡಿ ಯಾರದ್ದು?"

"ಅಂಗಡಿ ನಿಮ್ಮದು. ಹೊಲಿಗೆ ನನ್ನದು."

"ಹೊಲಿಗೆ ಹಾಕ್ಬೇಕಾದ್ದು ನಿನ್ನ ಬಾಯಿಗೆ ಮಾರಾಯ. ಅವರು ನೋಡಿದ್ರು, ಮುಟ್ಟಿದ್ರು, ಚೆಂದ ಉಂಟು ಅಂದ್ರು. ಹೊಟ್ಟೆನೋವು ನಿನಗೊಬ್ಬನಿಗೆ."

"ಚೆಂದ ಇದ್ರೆ ಗೋಡೆಗೆ ತೂಗಿ ಹಾಕ್ಲಿ. ಕೋವಿಗೆ ಕಟ್ಟಿದ್ರೆ ಬೆರಳು ಹೋಗ್ತದೆ."

ಕೈಯಲ್ಲಿದ್ದ ದಬ್ಬಣವನ್ನು ನಾನು ಮೇಜಿಗೆ ಚುಚ್ಚಿ ನಿಲ್ಲಿಸಿದೆ. ಅಜೀಜಾಕ ಅದನ್ನೇ ನೋಡಿದರು. ನನ್ನ ಸಿಟ್ಟು ಅವರಿಗೆ ಹೊಸತಲ್ಲ. ಹನ್ನೊಂದು ವರ್ಷದಿಂದ ನೋಡುತ್ತಿದ್ದರು.

ಉಳ್ಳಾಲದ ಅಬ್ದುಲ್ ಅಜೀಜರಿಗೆ, ಅಂದರೆ ನಮ್ಮ ಅಜೀಜಾಕರಿಗೆ, ಬಹರೈನಿನ ಬುಸೈತೀನ್‌ನಲ್ಲಿ ಕಾರಿನ ಸೀಟು ಹೊಲಿಯುವ ಅಂಗಡಿಯಿದೆ. ಹೊಲಿಯುವವನು ನಾನು, ಕಿನ್ನಿಗೋಳಿಯ ಚೆನ್ನು. ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿ, ಮಂಗಳೂರಿನಲ್ಲಿ ಬಸ್ಸಿನ ಬಾಡಿ ಕಟ್ಟುವಲ್ಲಿ ಸೀಟು ಹೊಲಿಯಲು ಕಲಿತವನು. ಬಸ್ಸಿನ ಸೀಟೆಂದರೆ ದಿನಕ್ಕೆ ನೂರು ಜನ ಕೂರುತ್ತಾರೆ, ಅದರಲ್ಲಿ ಹತ್ತು ಜನ ಉಗುರಿನಿಂದ ಕೀಳುತ್ತಾರೆ. ಅಂಥಲ್ಲಿ ನಿಂತ ಹೊಲಿಗೆ ನನ್ನದು. ಹೊಗಳಿಕೊಂಡೆನೆಂದು ಯಾರಾದರೂ ಅಂದರೆ ಅನ್ನಲಿ.

ಈ ಜಗಳದ ಮೂಲ ಬು ರಾಶಿದ್ ಅವರ ಕೋವಿ. ಬು ರಾಶಿದ್ ಎಂದರೆ ರಾಶಿದನ ಅಪ್ಪ. ಇಲ್ಲಿಯವರು ಗೌರವಕ್ಕೆ ಹಾಗೆ ಮಗನ ಹೆಸರು ಹಿಡಿದೇ ಕರೆಯುತ್ತಾರೆ. ಅವರ ಮೂರು ಕಾರಿಗೆ ಸೀಟು ಹೊಲಿದವನು ನಾನು. ಈ ಜಗಳಕ್ಕೆ ಎರಡು ತಿಂಗಳು ಮೊದಲು ಬಂದು, "ಚೆನ್ನು, ಸೀಟಲ್ಲ, ಈ ಸಲ ಬೇರೆಯೇ ಒಂದು ಕೆಲಸ ಇದೆ. ಮನೆಗೆ ಬಾ" ಎಂದರು.

ಮಜ್ಲಿಸಿನಲ್ಲಿ, ಅಂದರೆ ಅವರ ಮನೆಯ ಗಂಡಸರ ಚಾವಡಿಯಲ್ಲಿ, ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಅದರ ಮೇಲೆ ಕೋವಿಯನ್ನು ಇಟ್ಟಿದ್ದರು. ನಾನು ಬಂದ ಮೇಲೆ ಕಿಂಡಿ ತೆರೆದು, ಒಳಗೆ ಬೆರಳು ಹಾಕಿ, ಖಾಲಿ ಇದೆಯೆಂದು ತೋರಿಸಿದರು. ಅಷ್ಟು ಗಿಡ್ಡ ಕೋವಿಯನ್ನು ನಾನು ನೋಡಿರಲಿಲ್ಲ. ಊರಿನಲ್ಲಿ ಹಂದಿ ಓಡಿಸುವ ಕೋವಿಯೆಂದರೆ ಎದೆಯವರೆಗೆ ಬರುತ್ತದೆ. ಇದು ಎಲ್ಲ ಸೇರಿ ಎರಡಡಿಗೆ ಎರಡು ಇಂಚು ಜಾಸ್ತಿ. ಭುಜಕ್ಕೆ ಕೊಡುವ ಮರದ ಬುಡವೇ ಇಲ್ಲ. ಅದರ ಬದಲು ಹಕ್ಕಿಯ ಕೊಕ್ಕಿನ ಹಾಗೆ ಬಾಗಿದ ಒಂದು ಹಿಡಿ. ನಳಿಗೆಯ ಅಡಿಯಲ್ಲಿ ಇನ್ನೊಂದು ಹಿಡಿ. ಅದನ್ನು ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಗೆ ಹಾರುತ್ತದೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ ಕೂರುತ್ತದೆ. ಬು ರಾಶಿದ್ ಖಾಲಿ ಕೋವಿಯಲ್ಲೇ ಒಮ್ಮೆ ಎಳೆದು ತಳ್ಳಿದರು. ಆ ಸದ್ದಿಗೆ ಅವರ ಮುಖ ಅರಳಿತು.

"ಲೈಸೆನ್ಸಿಗೆ ಒಂದೂವರೆ ವರ್ಷ ಕಾದೆ," ಎಂದರು. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿದೆ. "ಗುರಿ ಹೊಡೆಯುವ ಕ್ಲಬ್ಬಿನಲ್ಲಿ ಎಲ್ಲರ ಹತ್ತಿರ ಪ್ಲಾಸ್ಟಿಕ್ಕಿನ ಸಾಮಾನು. ನನಗೆ ಚರ್ಮದ್ದು ಬೇಕು. ನಿನ್ನ ಕೈಯದ್ದು ಬೇಕು."

ಅವರಿಗೆ ಬೇಕಾದ್ದು ಮೂರು ಸಾಮಾನು. ಹೆಗಲಿಗೆ ತೂಗುವ ಒರೆ ಒಂದು. ಆರು ತೋಟಾ ಕೂರುವ ಪಟ್ಟಿ ಒಂದು. ಮೂರನೆಯದೇ ಮುಖ್ಯ, ಮುಂದಿನ ಹಿಡಿಗೆ ಕೈಪಟ್ಟಿ. ನಳಿಗೆ ಗಿಡ್ಡ ಇರುವುದರಿಂದ ಹಿಡಿ ತಳ್ಳುವಾಗ ಕೈ ಒಂದು ಗೇಣು ಮುಂದೆ ಜಾರಿದರೆ ಬೆರಳು ಕೋವಿಯ ಬಾಯಿಯೆದುರು ಬರುತ್ತದೆ. ಅದಕ್ಕೇ ಕೈಯನ್ನು ಹಿಡಿಗೆ ಅಪ್ಪಿಸಿ ಇಡುವ ಪಟ್ಟಿ ಬೇಕು.

ನಾನು ಟೇಪು ಹಿಡಿದು ಅಳತೆ ತೆಗೆದೆ. ಕಾಗದ ಹಾಸಿ, "ಎಡಗೈ ಇಡಿ" ಎಂದೆ. ಇಟ್ಟರು. ಆ ಕೈಯೇ ಏಕೆಂದು ಅವರೂ ಕೇಳಲಿಲ್ಲ. ಸುತ್ತ ಪೆನ್ಸಿಲ್ ಎಳೆದೆ. ಬಲಗೈಯವರು ಕೋವಿಯ ಹಿಂದಿನ ಹಿಡಿಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಮುಂದಿನದನ್ನು ತಳ್ಳುತ್ತಾರೆ. ಅವರು ಬಲಗೈಯವರೋ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ತೋರಲೂ ಇಲ್ಲ. ಖರ್ಜೂರ ತಿಂದದ್ದು ಬಲಗೈಯಲ್ಲಿ, ಫೋನು ಹಿಡಿದದ್ದು ಬಲಗೈಯಲ್ಲಿ. ಗಾವಾದ, ಅಂದರೆ ಅರಬರ ಕಾಫಿಯ, ಕೂಜೆ ಹಿಡಿದದ್ದು ಎಡಗೈಯಲ್ಲಿ ನಿಜ. ಆದರೆ ಇಲ್ಲಿ ಗಾವಾ ಸುರಿಯುವಾಗ ಕೂಜೆ ಎಡಗೈಯಲ್ಲಿ, ಲೋಟ ಬಲಗೈಯಲ್ಲಿ ಎಂಬುದು ಎಲ್ಲರ ಮನೆಯ ಕ್ರಮ. ಅದರಿಂದ ಏನೂ ತಿಳಿಯುವುದಿಲ್ಲ.

ನಾಚಿಕೆಯ ಸಂಗತಿ ಬೇರೆ ಉಂಟು. ನಾನೇ ಎಡಚ. ಎರಡನೇ ಕ್ಲಾಸಿನಲ್ಲಿ ಜಾನೆಟ್ ಟೀಚರ್ ನನ್ನ ಎಡಗೈಗೆ ಬೆತ್ತದಿಂದ ಬಡಿದು ಬಡಿದು ಬಲಗೈಯಲ್ಲಿ ಬರೆಸಿದರು. ಬಲಗೈಯಲ್ಲಿ ಉಣ್ಣಲು ಅಮ್ಮ ಕಲಿಸಿದಳು. ಚರ್ಮ ಕೊಯ್ಯುವ ಕತ್ತಿ ಮಾತ್ರ ಇಂದಿಗೂ ಎಡಗೈಯಲ್ಲೇ, ಏಕೆಂದರೆ ಅದಕ್ಕೆ ಹೊಡೆಯುವವರು ಯಾರೂ ಇರಲಿಲ್ಲ. ಉಣ್ಣುವುದನ್ನು ನೋಡಿ ಮನುಷ್ಯನ ಕೈ ಯಾವುದೆಂದು ಹೇಳಲಾಗದು ಎಂಬುದು ಈ ಬಹರೈನಿನಲ್ಲಿ ಯಾರಿಗಾದರೂ ತಿಳಿದಿರಬೇಕಿದ್ದರೆ ಅದು ನನಗೆ.

ಕೋವಿಯನ್ನು ಅಂಗಡಿಗೆ ತರುವ ಹಾಗಿರಲಿಲ್ಲ. ತೇಗದ ತುಂಡೊಂದನ್ನು ಕೆತ್ತಿ ಅದೇ ಅಳತೆಯ ಮರದ ಕೋವಿಯೊಂದನ್ನು ಮಾಡಿದೆ. ಹಿಡಿಯ ಬಾಗು, ನಳಿಗೆಯ ದಪ್ಪ, ಖಾಲಿ ತೋಟಾ ಹಾರುವ ಕಿಂಡಿ ಎಲ್ಲವೂ ಇತ್ತು. ಮುಂದಿನ ಹಿಡಿ ಹಿಂದೆ ಮುಂದೆ ಜಾರುತ್ತಿತ್ತು. ಎಮ್ಮೆಯ ಚರ್ಮವನ್ನು ನೀರಿನಲ್ಲಿ ನೆನೆಸಿ, ಆ ಮರದ ಮೇಲೆ ಎಳೆದು ಕಟ್ಟಿ, ಎರಡು ದಿನ ಒಣಗಲು ಬಿಟ್ಟೆ. ಬಿಚ್ಚಿದರೆ ಒರೆ ತನ್ನಷ್ಟಕ್ಕೆ ಕೋವಿಯ ಆಕಾರದಲ್ಲಿ ನಿಂತಿತ್ತು. ಮೇಣ ಹಚ್ಚಿದ ನೂಲು, ಒಂದು ಇಂಚಿಗೆ ಎಂಟು ಹೊಲಿಗೆ, ಎಲ್ಲವೂ ಕೈಯಲ್ಲೇ. ಅಜೀಜಾಕ ಫೋಟೋ ತೆಗೆದು ಅವರಿವರಿಗೆ ಕಳಿಸಿದರು. ಕ್ಲಬ್ಬಿನ ಇನ್ನೂ ಆರು ಜನ ತಮಗೂ ಬೇಕೆಂದರು. ಅಜೀಜಾಕ ಆ ಖುಷಿಯಲ್ಲಿ ನನಗೊಂದು ಬಿರಿಯಾನಿ ತರಿಸಿದರು.

ಜಗಳದ ದಿನ ಬೆಳಿಗ್ಗೆ ಬು ರಾಶಿದ್ ನೋಡಲು ಬಂದರು. ಒರೆಯನ್ನು ಮೂಸಿ ನೋಡಿದರು. ಹೊಲಿಗೆಯ ಮೇಲೆ ಬೆರಳೆಳೆದರು. ಆಮೇಲೆ ಮರದ ಕೋವಿಯನ್ನು ಎತ್ತಿಕೊಂಡು ಹಿಂದಿನ ಹಿಡಿಗೆ ಎಡಗೈ ಹಾಕಿದರು. ಬಲಗೈಯನ್ನು ನನ್ನ ಪಟ್ಟಿಯೊಳಗೆ ತೂರಿಸಿ ಎರಡು ಸಲ ಎಳೆದು ತಳ್ಳಿದರು.

ನಾನು ಬಗ್ಗಿ ಆ ಕೈಯನ್ನೇ ನೋಡಿದೆ. ಬೆರಳ ಗೆಣ್ಣುಗಳ ಸಾಲು ನೇರವಾಗಿಲ್ಲ, ಓರೆ. ಎಡಗೈಯ ಓರೆ ಒಂದು ಕಡೆಗೆ, ಬಲಗೈಯದ್ದು ಇನ್ನೊಂದು ಕಡೆಗೆ. ಪಟ್ಟಿಯನ್ನು ನಾನು ಎಡಗೈಯ ಓರೆಗೆ ಕೊಯ್ದಿದ್ದೆ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿದ ಹಾಗೆ ಅದು ಕೈಯ ಮೇಲೆ ಬಾಯಿ ಬಿಟ್ಟುಕೊಂಡು ಕೂತಿತ್ತು.

ಅಜೀಜಾಕ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ, "ಎರಡೂ ಕೈಗೆ ಆಗ್ತದೆ ಬು ರಾಶಿದ್. ಚರ್ಮ ಪಳಗಿದ ಮೇಲೆ ಸರಿಯಾಗಿ ಕೂರ್ತದೆ" ಎಂದರು. ಅವರು ನಂಬಿದರು. ಸಂಜೆಯ ಅಸರ್ ನಮಾಜು ಮುಗಿಸಿ ಬಂದು ಒಯ್ಯುತ್ತೇನೆ, ನಾಳೆ ಕ್ಲಬ್ಬಿಗೆ ಕೊಂಡುಹೋಗಬೇಕು ಎಂದು ಹೇಳಿ ಹೋದರು. ಅವರ ಕಾರು ತಿರುಗಿದ್ದೇ ನಮ್ಮ ಜಗಳ ಶುರುವಾಯಿತು.

"ಒಂದು ಮಾತು ಕೇಳು," ಅಜೀಜಾಕ ಸ್ವರ ತಗ್ಗಿಸಿದರು. "ತಪ್ಪು ಮಾಡಿದ್ದೇವೆ ಅಂತ ಹೇಳಿದ್ರೆ ಉಳಿದ ಆರು ಜನ ಬರ್ತಾರಾ? ಕೋವಿಯ ಕೆಲಸದಲ್ಲಿ ಒಮ್ಮೆ ತಪ್ಪಿದವನಿಗೆ ಎರಡನೇ ಸಲ ಯಾರು ಕೊಡ್ತಾರೆ?"

"ಕೈ ಜಾರಿದ ಮೇಲೆ ಬರ್ತಾರಾ?"

"ಜಾರುವುದಿಲ್ಲ. ನೀನು ದೊಡ್ಡ ಇಂಜಿನಿಯರು."

"ಇಂಜಿನಿಯರಲ್ಲ, ಹೊಲಿದವನು. ನನಗೆ ಗೊತ್ತಿಲ್ಲದೆ ಮತ್ತೆ ಯಾರಿಗೆ ಗೊತ್ತು?"

"ನಿನ್ನ ವಿಸಾ ನನ್ನ ಕೈಲುಂಟು ಚೆನ್ನು. ನೆನಪಿರ್ಲಿ."

"ವಿಸಾ ನಿಮ್ಮ ಕೈಲಿ ಇರ್ಲಿ. ಕತ್ತಿ ನನ್ನ ಕೈಲುಂಟು."

ಕತ್ತಿ ನಿಜವಾಗಿಯೂ ನನ್ನ ಕೈಯಲ್ಲೇ ಇತ್ತು, ಎಡಗೈಯಲ್ಲಿ. ಅಜೀಜಾಕ ಎರಡು ಹೆಜ್ಜೆ ಹಿಂದೆ ಹೋದರು. ಆಮೇಲೆ ಬೆರಳೆತ್ತಿ, "ನೀನು ಅವರ ಹತ್ರ ಬಾಯಿ ಬಿಟ್ರೆ, ಆ ಕೆಲಸ ಮುಗಿಸಿ ನಿನ್ನ ಸಾಮಾನು ಕಟ್ಟು. ಮತ್ತೆ ನನ್ನ ಅಂಗಡಿಯಲ್ಲಿ ನಿನಗೆ ಜಾಗ ಇಲ್ಲ" ಎಂದರು.

"ಆಯ್ತು," ಎಂದೆ.

ಅಸರ್ ಆದ ಮೇಲೆ ಬು ರಾಶಿದ್ ಬಂದರು. ಅಜೀಜಾಕ ಎಲ್ಲವನ್ನೂ ಒಂದು ಚೆಂದದ ಪೆಟ್ಟಿಗೆಯಲ್ಲಿಟ್ಟು ಕಾಗದ ಮುಚ್ಚಿದ್ದರು. ನಾನು ಪೆಟ್ಟಿಗೆ ಬಿಚ್ಚಿ, ಕೈಪಟ್ಟಿಯನ್ನು ಹೊರಗೆ ತೆಗೆದು, ಅವರ ಕಣ್ಣೆದುರೇ ನಡುವಿನಲ್ಲಿ ಕೊಯ್ದು ಎರಡು ತುಂಡು ಮಾಡಿದೆ.

"ಯಾ ಅಲ್ಲಾ, ಚೆನ್ನು, ಏನು ಮಾಡಿದೆ?" ಎಂದರು ಬು ರಾಶಿದ್.

"ತಪ್ಪಿದ್ದನ್ನು ಕೊಯ್ದೆ. ನೀವು ಎಡಚರು ಅಂತ ನಾನು ಕೇಳಲಿಲ್ಲ. ತಪ್ಪು ನನ್ನದು. ಇದು ನಿಮ್ಮ ಬಲಗೈಯನ್ನು ಹಿಡಿದು ನಿಲ್ಲಿಸುವುದಿಲ್ಲ. ನಾಲ್ಕು ದಿನ ಕೊಡಿ."

ಅಜೀಜಾಕ ತಲೆಯ ಟೊಪ್ಪಿ ತೆಗೆದು ಮತ್ತೆ ಇಟ್ಟುಕೊಂಡರು. ಬು ರಾಶಿದ್ ಎರಡು ತುಂಡನ್ನೂ ಎತ್ತಿ ನೋಡಿದರು. ಆಮೇಲೆ ನಗಲು ಶುರು ಮಾಡಿದರು.

"ನನ್ನ ತಾಯಿ ನನ್ನ ಎಡಗೈಯನ್ನು ಬೆನ್ನಿಗೆ ಕಟ್ಟಿ ಊಟ ಮಾಡಿಸುತ್ತಿದ್ದಳು," ಎಂದರು. "ಮದರಸಾದಲ್ಲಿ ಉಸ್ತಾದರು ಬಲಗೈಯಲ್ಲಿ ಬರೆಸಿದರು. ಕೋವಿ ಹಿಡಿದದ್ದು ದೊಡ್ಡವನಾದ ಮೇಲೆ. ಆಗ ತಿದ್ದಲಿಕ್ಕೆ ಯಾರೂ ಇರಲಿಲ್ಲ."

ನಾನು ನನ್ನ ಎಡಗೈಯಲ್ಲಿದ್ದ ಕತ್ತಿಯನ್ನು ತೋರಿಸಿದೆ. ಅವರು ಇನ್ನೂ ಜೋರಾಗಿ ನಕ್ಕರು. ಅಜೀಜಾಕರ ಹೆಗಲಿಗೆ ಹೊಡೆದು, "ನಿನ್ನ ಅಂಗಡಿಯಲ್ಲಿ ಎರಡು ಎಡಗೈ ಸೇರಿ ಬಲಗೈಯವನಿಗೆ ಪಟ್ಟಿ ಮಾಡಿಬಿಟ್ಟವಲ್ಲ" ಎಂದರು. ಅಜೀಜಾಕರೂ ನಕ್ಕರು, ಹಲ್ಲು ಮಾತ್ರ.

ಆ ನಾಲ್ಕು ದಿನ ನಾನು ಮಾಡಿದ ಕೆಲಸ ನನ್ನ ಜನ್ಮದಲ್ಲೇ ಒಳ್ಳೆಯದು. ಬು ರಾಶಿದರ ಬಲಗೈಯ ಪಡಿಯಚ್ಚು ಹೊಸದಾಗಿ ತೆಗೆದೆ. ಗೆಣ್ಣಿನ ಓರೆಗೆ ಸರಿಯಾಗಿ ಪಟ್ಟಿ ಕೊಯ್ದು, ಮುಂದಿನ ಅಂಚಿಗೆ ಚರ್ಮದ ದಪ್ಪ ದಿಂಡು ಕೊಟ್ಟೆ. ಕೈ ತಾನಾಗಿ ಅಲ್ಲೇ ನಿಲ್ಲಬೇಕು. ತೋಟಾದ ಪಟ್ಟಿಯನ್ನು ಮೊದಲು ಕೋವಿಯ ಎಡಮೈಗೆ ಮಾಡಿದ್ದೆ. ಈಗ ಬಲಗೈಗೆ ಅದು ಸಿಗುವುದಿಲ್ಲ. ಬಲಮೈಯಲ್ಲಿ ಕಿಂಡಿ ಇರುವುದರಿಂದ ಅಲ್ಲಿ ಕೂರಿಸಲಾಗದು. ಅದನ್ನು ಸೊಂಟಪಟ್ಟಿ ಮಾಡಿ, ತೋಟಾಗಳು ಬಲಗಡೆಗೆ ಬರುವಂತೆ ಓರೆಯಾಗಿ ಹೊಲಿದೆ. ಚಾ ಬಂದರೆ ಅಜೀಜಾಕ ಲೋಟವನ್ನು ಮೇಜಿನ ತುದಿಯಲ್ಲಿಟ್ಟು ಹೋಗುತ್ತಿದ್ದರು.

ಐದನೇ ದಿನ ಬು ರಾಶಿದ್ ಒಬ್ಬರೇ ಬರಲಿಲ್ಲ, ಕ್ಲಬ್ಬಿನ ಇಬ್ಬರನ್ನು ಕರೆದುಕೊಂಡು ಬಂದರು. ಮರದ ಕೋವಿಗೆ ಎಲ್ಲ ಕಟ್ಟಿ ಅವರ ಕೈಗೆ ಕೊಟ್ಟೆ. ಬಲಗೈ ಪಟ್ಟಿಯೊಳಗೆ ಹೋಗಿ ನಿಂತಿತು. ಎಳೆದರು, ತಳ್ಳಿದರು. ಮತ್ತೆ ಎಳೆದು ಬೇಕೆಂದೇ ಜೋರಾಗಿ ತಳ್ಳಿದರು. ಕೈ ಒಂದು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ. ಜತೆಗೆ ಬಂದವರಲ್ಲಿ ಒಬ್ಬರು ತಾವೂ ಕೈ ಹಾಕಿ ನೋಡಲು ಹೋದರು. ಬು ರಾಶಿದ್ ಕೊಡಲಿಲ್ಲ.

"ಇದು ನನ್ನ ಕೈಗೆ ಮಾತ್ರ," ಎಂದರು. "ನಿಮಗೆ ಬೇಕಿದ್ದರೆ ಚೆನ್ನುವಿಗೆ ನಿಮ್ಮ ಕೈ ಕೊಡಿ. ಯಾವ ಕೈ ಎಂದು ಮೊದಲು ಹೇಳಿ."

ಮರದ ಕೋವಿಯೂ ತಮಗೆ ಬೇಕೆಂದರು. ಮಜ್ಲಿಸಿನಲ್ಲಿ ಇಡುತ್ತಾರಂತೆ. ಅದನ್ನು ಹಿಡಿದು ಬುಸೈತೀನ್‌ನ ರಸ್ತೆಯಲ್ಲಿ ನಡೆಯುವ ಧೈರ್ಯ ನನಗಂತೂ ಇರಲಿಲ್ಲ, ಕೊಟ್ಟುಬಿಟ್ಟೆ. ಅವರು ಕಾರು ಹತ್ತುವ ಮೊದಲು ಆ ಬಲಗೈಯನ್ನೇ ಚಾಚಿ ನನ್ನ ಕೈ ಹಿಡಿದರು. ಐದು ಬೆರಳೂ ಗಟ್ಟಿಯಾಗಿ ತಾಗಿದವು.

ಅವರು ಹೋದ ಮೇಲೆ ಅಜೀಜಾಕ ಎರಡು ಲೋಟ ಚಾ ತಂದರು. ಒಂದನ್ನು ಮೇಜಿನ ತುದಿಯಲ್ಲಿಡದೆ ನನ್ನೆದುರೇ ಇಟ್ಟರು.

"ಆರಲ್ಲ ಚೆನ್ನು, ಈಗ ಎಂಟು ಜನ ಆಯ್ತು," ಎಂದರು. "ಅವತ್ತಿನ ಮಾತು ಬಿಡು. ಸಿಟ್ಟಿನಲ್ಲಿ ಬಂದದ್ದು."

ನಾನು ದಬ್ಬಣಗಳನ್ನು ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದೆ.

"ನಾನು ಹೇಳಿದ್ದು ಸಿಟ್ಟಿನಲ್ಲಲ್ಲ," ಎಂದೆ. "ಕೆಲಸ ಮುಗಿಸಿ ಸಾಮಾನು ಕಟ್ಟು ಅಂದ್ರಿ. ಆಯ್ತು ಅಂದೆ. ಮುಗಿಸಿದೆ."

"ಹನ್ನೊಂದು ವರ್ಷ ಮಾರಾಯ. ಒಂದು ಮಾತಿಗೆ?"

"ಅವರ ಬೆರಳು ಹೋದ್ರೂ ಅಡ್ಡಿಯಿಲ್ಲ ಅಂದದ್ದು ಒಂದು ಮಾತಾ ಅಜೀಜಾಕ?"

ಅಜೀಜಾಕ ತಮ್ಮ ಲೋಟವನ್ನು ಮೇಜಿನ ಮೇಲೆ ಇಟ್ಟರು. ಕೆಟ್ಟ ಮನುಷ್ಯರೆಂದು ನಾನು ಹೇಳುವುದಿಲ್ಲ. ಅಮ್ಮ ತೀರಿಹೋದಾಗ ಟಿಕೇಟು ಮಾಡಿಸಿ ಕಳಿಸಿದವರು ಅವರೇ. ಆದರೆ ನನ್ನ ಹೊಲಿಗೆಯ ಹಿಂದೆ ಸುಳ್ಳು ಇಟ್ಟು ಕೊಡುವವರ ಮೇಜಿನಲ್ಲಿ ಕುಳಿತರೆ, ಇನ್ನು ಪ್ರತಿ ಪೆಟ್ಟಿಗೆಯನ್ನೂ ನಾನೇ ಬಿಚ್ಚಿ ನೋಡಬೇಕಾಗುತ್ತದೆ.

"ವಿಸಾಕ್ಕೆ ಎಂತ ಮಾಡ್ತಿ?"

"ಅದ್ಲಿಯಾದಲ್ಲಿ ಹೋಟೆಲುಗಳಿಗೆ ಕುರ್ಚಿ ಹೊಲಿಯುವವರು ಬೇಕು. ನೀವು ವಿಸಾ ಬದಲಿಸುವ ಕಾಗದಕ್ಕೆ ಸಹಿ ಹಾಕಿ ಕೊಡಿ. ಯಾವ ಕೈಯಲ್ಲಾದ್ರೂ ಹಾಕಿ."

ಅಜೀಜಾಕರಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಚಾ ಕುಡಿದೆ, ಪೂರ್ತಿ ಕುಡಿದೆ. ಅಂಗಡಿಯ ಬೀಗದ ಕೈಯನ್ನು ಲೋಟದ ಪಕ್ಕದಲ್ಲಿಟ್ಟೆ. ಸಾಮಾನಿನ ಗಂಟನ್ನು ಎಡಗೈಯಲ್ಲಿ ಎತ್ತಿಕೊಂಡು ಹೊರಗೆ ಬಂದೆ.

"ನಾಳೆ ಬಾ ಚೆನ್ನು, ನಾಳೆ ಮಾತಾಡುವ," ಎಂದು ಹಿಂದಿನಿಂದ ಕರೆದರು.

ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಬಸ್ಸಿನ ನಿಲ್ದಾಣದವರೆಗೆ ನಡೆದೆ. ಮರುದಿನ ನಾನು ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ.