ಬೈರಮ್ಮನ ಪಕ್ಕದ ಜಾಗ

ದೂರದ ಬೆಟ್ಟ ನುಣ್ಣಗೆ ಎಂಬುದನ್ನು ರಾಮನಗರದ ಕಡೆಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸಮುದ್ರದ ವಿಷಯದಲ್ಲಿ ಮಾತ್ರ ನನಗೆ ಆ ಬುದ್ಧಿ ಬರಲಿಲ್ಲ.

ಇಪ್ಪತ್ತೆರಡು ವರ್ಷ ಉಡುಪಿ ಮಾರ್ಗದಲ್ಲಿ ಬಸ್ಸು ಓಡಿಸಿದವನು ನಾನು. ನಿವೃತ್ತನಾದ ವರ್ಷವೇ ಹೆಂಡತಿ ಬೈರಮ್ಮ ತೀರಿಕೊಂಡಳು. ಮಕ್ಕಳಿಲ್ಲ. ನಮ್ಮೂರು ಕಲ್ಯದ ಹೊಲದಲ್ಲೇ ಅವಳನ್ನು ಮಣ್ಣು ಮಾಡಿದೆವು. ಆಮೇಲೆ ಆ ಮನೆಯಲ್ಲಿ ಒಂದು ಲೋಟ ಕಾಫಿ ಕಾಯಿಸಿಕೊಳ್ಳುವುದೂ ಬೇಡವೆನಿಸಿತು. ಸಮಾಧಿಯಿದ್ದ ಎರಡು ಗುಂಟೆ ಉಳಿಸಿಕೊಂಡು, ಮಿಕ್ಕ ಹೊಲವನ್ನೂ ಮನೆಯನ್ನೂ ಚಿಕ್ಕಪ್ಪನ ಮಗ ಬೋರಲಿಂಗಯ್ಯನಿಗೆ ಮಾರಿ, ಉಡುಪಿಯ ಆಚೆ, ಬಸ್ಸಿನಿಂದ ನೋಡಿ ಆಸೆಪಟ್ಟಿದ್ದ ಸಮುದ್ರದ ದಡದಲ್ಲೇ ಒಂದು ಮನೆ ಕೊಂಡೆ.

ಬೆಲೆ ಕೊಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ. ಒಂದೇ ಮಳೆಗಾಲಕ್ಕೆ ಗೇಟು ತುಕ್ಕು ಹಿಡಿದು ಕೈಗೆ ಬಂತು. ಫ್ಯಾನು, ಫ್ರಿಜ್ಜು, ಕಿಟಕಿಯ ಸರಳು ಎಲ್ಲ ಉಪ್ಪುಗಾಳಿಯ ಪಾಲಾದವು. ದಡದ ಮನೆ ಎಂದ ಕೂಡಲೇ ವಿಮೆಯವರು ಫೈಲು ಮುಚ್ಚಿದರು. ಬಾವಿ ನೀರು ಬಾಯಿಗಿಡುವಂತಿರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಾನು ಕುಡಿಯುವ ಆ ನೀರನ್ನೂ ಟ್ಯಾಂಕರಿನವನಿಂದ ಕೊಂಡೆ. ಕೊನೆಗೆ ಸಮುದ್ರದ ಕಡೆಯ ಕಿಟಕಿಗಳಿಗೆಲ್ಲ ಹಲಗೆ ಹೊಡೆದೆ. ದಿನಕ್ಕೊಮ್ಮೆ ಮೀನು ಮಾರುವ ಹೆಂಗಸು ಬಂದು ಕೂಗುತ್ತಿದ್ದಳು. "ಬೇಡಮ್ಮ" ಎನ್ನುತ್ತಿದ್ದೆ. ದಿನವಿಡೀ ನಾನು ಆಡುತ್ತಿದ್ದುದು ಅದೊಂದೇ ಮಾತು.

ಈ ವರ್ಷ ಅಲೆಗಳು ಅಂಗಳದ ಅರ್ಧವನ್ನು ತಿಂದವು. ಕಲ್ಲಿನ ತಡೆಗೋಡೆ ಕಟ್ಟದಿದ್ದರೆ ಇನ್ನೆರಡು ಮಳೆಗಾಲಕ್ಕೆ ಮನೆ ಇರುವುದಿಲ್ಲ ಎಂದ, ನೋಡಲು ಬಂದ ಮೇಸ್ತ್ರಿ. ಮಾರಲು ನನ್ನಲ್ಲಿ ಉಳಿದದ್ದು ಆ ಎರಡು ಗುಂಟೆ ಮಾತ್ರ. ಕಲ್ಯಕ್ಕೆ ಬಂದೆ.

ಬೋರಲಿಂಗಯ್ಯ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದ. ಗೋಡೆ ಕಟ್ಟಲು ದುಡ್ಡು ಬೇಕು, ಆ ಎರಡು ಗುಂಟೆಯನ್ನೂ ನೀನೇ ತಗೋ ಎಂದೆ.

"ತಗೋತೀನಿ ಬುಡಣ್ಣ. ಅತ್ಗೆಮ್ಮನ ಸಮಾಧಿ ಹಂಗೇ ಇರ್ತದೆ, ಯೋಚ್ನೆ ಮಾಡ್ಬ್ಯಾಡ," ಎಂದ. ಸೊಪ್ಪಿನ ಹೊರೆ ಕಟ್ಟಿ ಮುಗಿಸಿ ನನ್ನ ಮುಖ ನೋಡಿದ. "ಅಲ್ಲಣ್ಣ, ನಾಳೆ ನೀನು ಕಣ್ ಮುಚ್ಚಿದ್ರೆ ಎಲ್ಲಿ ಮಣ್ ಮಾಡಾದು?"

"ಅಲ್ಲೇ ಎಲ್ಲಾದ್ರೂ."

"ಅಲ್ಲಿ ಮಣ್ ಹಾಕಾಕೆ ಯಾರವ್ರೆ?"

ಆ ಮೀನಿನ ಹೆಂಗಸಿನ ಹೆಸರೂ ನನಗೆ ಗೊತ್ತಿರಲಿಲ್ಲ. ಅವಳಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನನಗೆ ಭಯವಾಯಿತು. ಬೈರಮ್ಮ ಸತ್ತ ದಿನವೂ ನಾನು ಅಷ್ಟು ಒಂಟಿಯೆಂದು ಅನಿಸಿರಲಿಲ್ಲ.

"ಒಸಿ ಗುದ್ದಲಿ ಕೊಡು," ಎಂದೆ.

ಸಮಾಧಿಯ ಮೇಲೆ ಕಳೆ ಮೊಳಕಾಲುದ್ದ ಬೆಳೆದಿತ್ತು. ಮೂರು ವರ್ಷ ಆ ಕಡೆ ತಲೆಹಾಕದ ಗಂಡ ನಾನು. ಅದನ್ನೆಲ್ಲ ಕೆತ್ತಿ ತೆಗೆದೆ. ಆಮೇಲೆ ಅವಳ ಪಕ್ಕದಲ್ಲಿ ಆರಡಿ ಉದ್ದಕ್ಕೆ ಇನ್ನೊಂದಿಷ್ಟು ಜಾಗದ ಕಳೆಯನ್ನೂ ಕೆತ್ತಿದೆ.

"ಹಂಗಾರೆ ಗೋಡೆ?" ಎಂದು ಕೇಳಿದ ಬೋರಲಿಂಗಯ್ಯ.

"ಗೋಡೆ ಬ್ಯಾಡ ಬುಡು."

ಸತ್ತ ಮೇಲೆ ಮಲಗುವ ಜಾಗ ಉಳಿಯಿತು. ಅಲ್ಲಿಯವರೆಗೆ ಇರಲು ನನಗೆ ಬೇರೆ ಮನೆ ಇರಲಿಲ್ಲ. ಮರುದಿನದ ಬಸ್ಸಿಗೆ ಉಡುಪಿಗೆ ಹೊರಟೆ. ಹೋದವನೇ ಸಮುದ್ರದ ಕಡೆಯ ಕಿಟಕಿಗಳ ಹಲಗೆ ಕಿತ್ತುಹಾಕಿ, ಮೀನಿನ ಹೆಂಗಸು ಬಂದಾಗ ಅವಳ ಹೆಸರು ಕೇಳಿದೆ.